ಕೊಡವಿಲ್ಲದ ಸಿಂಬಿ

ಮಗಳ ಬಾಣಂತನಕ್ಕೆಂದು ಡಬ್ಲಿನ್ನಿಗೆ ಬಂದ ಬಸಲಿಂಗಮ್ಮ, ಕೊರೋನಾದಿಂದ ವಿಮಾನಗಳು ನಿಂತ ಮೇಲೆ ಸ್ಯಾಂಟ್ರಿ ಬಡಾವಣೆಯ ಅಪಾರ್ಟ್‌ಮೆಂಟಿನಲ್ಲೇ ಉಳಿದರು. ಶಿವ ಕೂರಿಸಿದ ಕಡೆಯೇ ಮಠ ಎಂದುಕೊಂಡು ನೆಮ್ಮದಿಯಾಗಿದ್ದವರ ತಲೆಗೆ ಒಂದು ಕೋಲು ಹುಳ ಬಿಟ್ಟಿತು.

ಕೋಲು ಎದುರುಮನೆಯ ತ್ಸಕಾನಿಯದು. ದಕ್ಷಿಣ ಆಫ್ರಿಕಾದ ತ್ಸೊಂಗಾ ಜನರ ಹೆಣ್ಣುಮಗಳು, ನರ್ಸು. ಸೋಂಕಿನಿಂದ ಉಸಿರು ಕಟ್ಟತೊಡಗಿದಾಗ, ಆಂಬುಲೆನ್ಸ್ ಬರುವ ಮೊದಲು ಕೋಲನ್ನು ಇವರ ಬಾಗಿಲಿಗೆ ಒರಗಿಸಿ, ದೂರ ಸರಿದು ನಿಂತು ಏನೋ ಹೇಳಿದಳು.

"ಅವಳ ಮುತ್ತಜ್ಜಂದಂತಮ್ಮ," ಎಂದಳು ಮಗಳು ವಿನೋದಿನಿ. "ಖಾಲಿ ಮನೇಲಿ ಒಂಟಿಯಾಗಿ ಬಿಡೋಕೆ ಮನಸ್ಸಿಲ್ವಂತೆ."

ಬಸಲಿಂಗಮ್ಮನಿಗೆ ಇದು ಹೊಸತಲ್ಲ. ಅವರೂರಿಗೆ ಸ್ವಾಮಿಗಳು ಬರಲಾಗದಿದ್ದರೆ ಅವರ ಬೆತ್ತ ಬರುತ್ತಿತ್ತು. ಬೆತ್ತಕ್ಕೇ ಗದ್ದುಗೆ ಹಾಸುತ್ತಿದ್ದರು. ಕೋಲನ್ನು ಒರೆಸಿ, ಪೂಜೆಯ ಮೂಲೆಯಲ್ಲಿ ನಿಲ್ಲಿಸಿದರು. ತುದಿಯಲ್ಲಿ ಒಬ್ಬ ಮನುಷ್ಯನನ್ನು ಕೆತ್ತಿದ್ದರು. ಅರೆಮುಚ್ಚಿದ ಕಣ್ಣು, ತಲೆಯ ಮೇಲೆ ದುಂಡನೆಯ ಬಳೆ.

"ವಿನೂ, ಇಲ್ನೋಡೇ. ಇವನ ತಲೆ ಮೇಲೆ ಸಿಂಬಿ ಐತೆ."

"ಮೆಲ್ಲಗಮ್ಮ, ಮಗು ಮಲಗೈತೆ. ಸಿಂಬಿ ಇದ್ರೆ ಇರ್ಲಿ ಬಿಡು."

"ಇರ್ಲಿ ಅಂದ್ರೆ? ಸಿಂಬಿ ಐತೆ, ಕೊಡ ಎಲ್ಲಿ ಹೋಯ್ತು?"

ರೊಟ್ಟಿ ತಟ್ಟುವಾಗಲೂ ಅದೇ ಯೋಚನೆ. ತುಂಬಿದ ಕೊಡವನ್ನು ಯಾರೂ ಒಬ್ಬರೇ ತಲೆಗೇರಿಸಿಕೊಳ್ಳಲಾರರು. ಬಾವಿಕಟ್ಟೆಯಲ್ಲಿ ಇನ್ನೊಬ್ಬರು ಎತ್ತಿಕೊಡಬೇಕು. ಪಾಪ, ಈ ಅಜ್ಜ ಎತ್ತಿಕೊಡುವವರಿಗಾಗಿ ಕಾದು ನಿಂತಿದ್ದಾನೆ!

ತ್ಸಕಾನಿಗೆ ಆಕ್ಸಿಜನ್ ಹಾಕಿದ್ದಾರೆಂದು ಸುದ್ದಿ ಬಂದ ಬೆಳಿಗ್ಗೆ ಬಸಲಿಂಗಮ್ಮ ಅಂಗೈಯಲ್ಲಿ ಅಡಗುವಷ್ಟು ಪುಟ್ಟ ಹಿತ್ತಾಳೆಯ ಚೊಂಬು ತಂದರು. ಮರ ಒದ್ದೆಯಾದೀತೆಂದು ನೀರು ತುಂಬದೆ, ಚಿಟಿಕೆ ವಿಭೂತಿ ಹಾಕಿ ಆ ಬಳೆಯ ಮೇಲಿಟ್ಟರು. ಅಲುಗದೆ ಕೂತಿತು.

"ಅಜ್ಜಾ, ನಿನ್ನ ಕೂಸಿನ ಉಸಿರಿನ ಭಾರ. ಎತ್ತಿಕೊಟ್ಟಿದೀನಿ, ಹೊತ್ಕೋ."

ಮುಂದಿನ ವಾರ ತ್ಸಕಾನಿ ವಿಡಿಯೋ ಕಾಲ್ ಮಾಡಿದಳು. ವಿನೋದಿನಿ ಫೋನನ್ನು ಕೋಲಿನತ್ತ ತಿರುಗಿಸಿ, ಅಮ್ಮನ ಸಿಂಬಿ-ಕೊಡದ ಕತೆ ಹೇಳಿದಳು. ತ್ಸಕಾನಿ ನಿಧಾನವಾಗಿ ಒಂದೆರಡು ಮಾತು ಹೇಳಿದಳು. ವಿನೋದಿನಿಯ ಮುಖ ಸಣ್ಣದಾಯಿತು.

"ಅಮ್ಮ, ಅದು ಸಿಂಬಿ ಅಲ್ವಂತೆ. ಕೂದಲಿಗೆ ಮೇಣ ಸೇರಿಸಿ ಮಾಡೋ ಬಳೆಯಂತೆ. ಹಿಂದೆ ಹಿರೀಕರು ಅನ್ನಿಸಿಕೊಂಡ ಗಂಡಸರಿಗೆ ಅದೇ ಕಿರೀಟ."

"ಶಿವಶಿವಾ! ಸ್ವಾಮಿಗಳ ತಲೆ ಮೇಲೆ ಹುಲ್ಲುಹೊರೆ ಹೊರಿಸಿದಂಗಾಯ್ತಲ್ಲೇ!" ಬಸಲಿಂಗಮ್ಮ ಗಲ್ಲ ಬಡಿದುಕೊಂಡು ಚೊಂಬಿಗೆ ಕೈಚಾಚಿದರು.

ಫೋನಿನಲ್ಲಿ ತ್ಸಕಾನಿ ಕೈಯೆತ್ತಿ ತಡೆದಳು. ಉಸಿರು ಹಿಡಿದು ಹಿಡಿದು ಏನೋ ಹೇಳಿದಳು. ವಿನೋದಿನಿ ಕಿಸಕ್ಕನೆ ನಕ್ಕಳು.

"ತೆಗೀಬೇಡಿ ಅಂತಾಳೆ. ಅವರ ವಂಶದಲ್ಲಿ ನೀರು ಹೊತ್ತವರೆಲ್ಲ ಹೆಂಗಸರೇ ಅಂತೆ. ಅಜ್ಜನೂ ಒಂದ್ಸಲ ಹೊರಲಿ, ನಾನೇ ಬಂದು ಇಳಿಸ್ತೀನಿ ಅಂತಾಳೆ."

ಬಸಲಿಂಗಮ್ಮ ಚಾಚಿದ ಕೈಯನ್ನು ಹಿಂದಕ್ಕೆಳೆದುಕೊಂಡರು.

"ಯಾವತ್ತು ಬರ್ತಾಳಂತೆ, ಕೇಳೇ. ಹೊತ್ತು ನಿಂತೋರಿಗೆ ಹೇಳಬೇಕಲ್ಲ."

"ಡಾಕ್ಟರು ಇನ್ನೂ ಹೇಳಿಲ್ವಂತೆ. ಆದ್ರೆ ಇವತ್ತು ಆಕ್ಸಿಜನ್ ತೆಗೆದಿದಾರಂತಮ್ಮ."