ಹೂ ಸುಲಿಯೋ ಕೈ

“ಏ ಬೋಸುಡಿ, ಹೂ ಸುಲಿಯಾಕ ಬಂದೀಯೋ, ಕೋಳಿ ಸುಲಿಯಾಕ ಬಂದೀಯೋ? ನಿನ್ನ ಕೈಗೆ ಬೆಂಕಿ ಬೀಳ್ಲಿ!”

ಕಲ್ಲೇಶಗೌಡ ಮುರಿದ ಮೊಗ್ಗನ್ನು ಪಕ್ಕೀರವ್ವನ ಮುಖಕ್ಕೆ ಎಸೆದ. ಹತ್ತಿ ಬೀಜದ ಪ್ಲಾಟಿನಲ್ಲಿ ಸಾಲು ಹಿಡಿದಿದ್ದ ಹೆಂಗಸರು ಯಾರೂ ತಲೆ ಎತ್ತಲಿಲ್ಲ. ಎತ್ತಿದರೆ ಮುಂದಿನ ಮೊಗ್ಗು ಅವರ ಮುಖಕ್ಕೇ.

ನೋಡಲಿಕ್ಕೆ ಕೆಲಸ ಸಣ್ಣದು. ಮಧ್ಯಾಹ್ನದ ಮೇಲೆ, ನಾಳೆ ಅರಳುವ ಮೊಗ್ಗು ಹುಡುಕಿ, ಹೆಬ್ಬೆರಳಿನ ಉಗುರಿನಿಂದ ಬುಡದಲ್ಲಿ ಗೀರಿ, ಎಸಳನ್ನೂ ಗಂಡು ಕೇಸರವನ್ನೂ ಒಟ್ಟಿಗೆ ಸುಲಿದು ತೆಗೆಯಬೇಕು. ನಡುವಿನ ಹೆಣ್ಣು ಕಡ್ಡಿಗೆ ಕೂದಲೆಳೆಯಷ್ಟೂ ಪೆಟ್ಟಾಗಬಾರದು. ಅದಕ್ಕೆ ಕೆಂಪು ಕಾಗದದ ಟೊಪ್ಪಿಗೆ ಹಾಕಿ, ಮರುದಿನ ಬೆಳಿಗ್ಗೆ ಬೇರೆ ಜಾತಿಯ ಗಂಡು ಹೂ ತಂದು ಸವರಬೇಕು. ಗಿಡದಲ್ಲಿ ಜಾತಿ ಬೆರೆತರೆ ಗೌಡನ ಮನೆಗೆ ಬಂಗಾರ, ಊರಲ್ಲಿ ಬೆರೆತರೆ ಅದೇ ಮನೆಯಿಂದ ಕೊಡಲಿ. ಹನ್ನೆರಡು ವರ್ಷ ಇದನ್ನೇ ಮಾಡಿ ಪಕ್ಕೀರವ್ವನ ಉಗುರು ಸೀಳಿತ್ತು, ಬೆರಳು ಕೊರಡಾಗಿತ್ತು.

“ನಾಳಿಂದ ಈ ಕಡೆ ತಲಿ ಹಾಕಬ್ಯಾಡ,” ಎಂದ ಗೌಡ.

ಮನೆಯಲ್ಲಿ ಗಂಡ ಕೆಮ್ಮು ಹಿಡಿದು ಹಾಸಿಗೆ ಬಿಟ್ಟೆದ್ದಿರಲಿಲ್ಲ. ಪಕ್ಕೀರವ್ವನ ಬಾಯಿಂದ ಆಗ ಆ ಮಾತು ಬಂತು: “ಯಪ್ಪಾ, ನನ್ನ ಮಗಳ ಕೈ ಭಾಳ ಹಗೂರ ಐತ್ರಿ. ಒಂದ್ಸಲ ನೋಡ್ರಿ.”

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು.

ಮಗಳು ಹುಲಿಗೆಮ್ಮನ ಕೈ ಸುಮ್ಮಸುಮ್ಮನೆ ಹಗುರಾದದ್ದಲ್ಲ. ನಾಲ್ಕು ವರ್ಷದವಳಿದ್ದಾಗಿಂದ ಅವ್ವನ ಮೊಣಕಾಲಿಗೆ ಆತು ಕೂತು ರೇಷನ್ ಅಕ್ಕಿಯ ಕಲ್ಲು ಆರಿಸಿದವಳು. ಬೇವಿನ ಗಿಡದ ಬುಡದಲ್ಲಿ ಐದು ಹರಳಿನ ಆಟಕ್ಕೆ ಕೂತರೆ, ಮೇಲೆ ಹಾರಿದ ಹರಳು ಕೆಳಗಿಳಿಯುವಷ್ಟರಲ್ಲಿ ಉಳಿದ ನಾಲ್ಕೂ ಅವಳ ಮುಷ್ಟಿಯೊಳಗೆ. ಐದನೇ ಇಯತ್ತೆಯಲ್ಲಿ ಶಿವಲೀಲಾ ಟೀಚರು ಅವಳ ಕಾಪಿ ಪುಸ್ತಕವನ್ನು ಇಡೀ ವರ್ಗಕ್ಕೆ ಎತ್ತಿ ತೋರಿಸಿದ್ದರು. ಮನೆ, ಓಣಿ, ಸಾಲೆ ಮೂರೂ ಸೇರಿ ತಿದ್ದಿದ ಬೆರಳುಗಳನ್ನು ಹೆತ್ತವ್ವನೇ ಕೈಹಿಡಿದು ಗೌಡನ ಹೊಲಕ್ಕೆ ತಂದು ಒಪ್ಪಿಸಿದಳು.

ಹುಡುಗಿ ಒಂದೇ ಸಂಜೆಯಲ್ಲಿ ಕಲಿತಳು. ಗೌಡ ಅವಳು ಸುಲಿದ ಮೊಗ್ಗನ್ನು ಬಿಸಿಲಿಗೆ ಹಿಡಿದು ನೋಡಿದ. “ಭಲೇ! ಇದಕ್ಕ ಸಣ್ಣ ಹುಡುಗ್ಯಾರ ಬೇಕು ನೋಡು. ಮುಟ್ಟಾಗೋ ಹೆಂಗಸರು ಕೈ ಹಚ್ಚಿದ್ರ ಕಾಯಿ ಉದರ್ತಾವ. ಸಾಲಿ ಬಿಟ್ಟ ಮ್ಯಾಲ ದಿನಾ ಕಳಸು ಪಕ್ಕೀರಿ. ಆಟ ಆಡಿದಂಗ ಆಡ್ಲಿ. ನೀನೂ ಬಾ. ಆದ್ರ ಆಕಿ ಉಗುರು ಮಾತ್ರ ತಗಸಬ್ಯಾಡ.”

ಪಕ್ಕೀರವ್ವನಿಗೆ, ಸುಳ್ಳೇಕೆ, ಹೆಮ್ಮೆಯಾಯಿತು. ಈಗ ಅವಳನ್ನು ಎಲ್ಲಕ್ಕಿಂತ ಹೆಚ್ಚು ಸುಡುವುದು ಆ ಹೆಮ್ಮೆಯೇ.

ಸೋಮವಾರ ಸಾಲೆಯಲ್ಲಿ ಪ್ರಾರ್ಥನೆ ಮುಗಿದ ಮೇಲೆ ಉಗುರು ನೋಡುತ್ತಾರೆ. ಶಿವಲೀಲಾ ಟೀಚರು ಹುಲಿಗೆಮ್ಮನ ಬೆರಳ ಗೆಣ್ಣಿಗೆ ಪಟ್ಟಿಯಿಂದ ಎರಡು ಬಿಟ್ಟರು.

“ಅಕ್ಷರ ಅಷ್ಟು ಛಂದ, ಉಗುರು ಇಷ್ಟು ಹೊಲಸು. ನಿಮ್ಮ ಓಣ್ಯಾಗ ಎಲ್ಲಾರೂ ಹಿಂಗ ಏನು?”

ಹುಡುಗರು ನಕ್ಕರು. ಟೀಚರು ಅಲ್ಲೇ ನಿಲ್ಲಿಸಿ ಉಗುರು ಕತ್ತರಿಸಿದರು. ಸಂಜೆ ಆ ಬೋಳು ಬೆರಳು ನೋಡಿ ಗೌಡ ತಾಯಿ ಮಗಳಿಬ್ಬರನ್ನೂ ಪ್ಲಾಟಿನಿಂದ ಹೊರಗೆ ಹಾಕಿದ. “ಉಗುರು ಬಂದ ಮ್ಯಾಲ ಬರ್ರಿ. ಸಾಲ್ಯಾಗ ಏನು ಗಂಟು ಇಟ್ಟಾರ ನಿಮಗ?”

ದಾರಿಯಲ್ಲಿ ಪಕ್ಕೀರವ್ವ ಮಗಳ ತಲೆ ಸವರಿದಳು. “ಉಗುರು ಬರೋಮಟ ಸಾಲಿ ಬ್ಯಾಡ ಬಿಡವ್ವಾ. ನಾಕು ದಿನ ಅಷ್ಟ.”

ಉಗುರು ಬಂತು. ಸಂಜೆಗೆ ಬೆಳಗಿನ ಕೆಲಸವೂ ಸೇರಿತು. ನಾಲ್ಕು ದಿನ ಎರಡು ತಿಂಗಳಾಯಿತು. ಹಬ್ಬದ ಮುಂಚೆ ಹರಳಾಟಕ್ಕೆ ಕರೆಯಲು ಬಂದ ಗೆಳತಿಯರು ಹಬ್ಬದ ನಂತರ ಬರುವುದನ್ನು ಬಿಟ್ಟರು.

ಪ್ಲಾಟುಗಳಲ್ಲಿ ಮಕ್ಕಳನ್ನು ಹುಡುಕಿಕೊಂಡು ಕುಷ್ಟಗಿಯಿಂದ ಕಾರ್ಮಿಕ ಇಲಾಖೆಯ ಜೀಪು ತಿರುಗುತ್ತಿದೆ ಎಂಬ ಸುದ್ದಿ ಬಂದ ದಿನ, ಗೌಡ ಹೆಂಗಸರನ್ನೆಲ್ಲ ಕೂಡಿಸಿ ಹೇಳಿದ: “ನಿಮ್ಮ ನಿಮ್ಮ ಕೂಸುಗಳಿಗೆ ಬಾಯಿಪಾಠ ಮಾಡಸ್ರಿ. ಒಂದು ಮಾತು ತಪ್ಪಿದ್ರ ಒಬ್ಬಾಕಿಗೂ ಕೆಲಸಿಲ್ಲ.”

ಪಕ್ಕೀರವ್ವ ಮಗಳ ತಲೆಗೆ ಎಣ್ಣೆ ಹಚ್ಚುತ್ತ ಕಲಿಸಿದಳು.

“ಇಲ್ಲಿ ಯಾಕ ಬಂದೀ ಅಂದ್ರ?”

“ಅವ್ವಗ ಬುತ್ತಿ ತಂದಿದ್ನಿರಿ. ಆಟ ಆಡಾಕ ಕುಂತೆ.”

“ಸಾಲಿಗೆ ಯಾಕ ಹೋಗಿಲ್ಲಂದ್ರ?”

“ಹೊಟ್ಟಿ ನೋವಿತ್ರಿ.”

“ಹಂಗಲ್ಲ. ‘ಇವತ್ತೊಂದಿನ’ ಅನ್ನಬೇಕು.”

ಹುಡುಗಿ ಎರಡನೇ ಸಲಕ್ಕೇ ತಪ್ಪಿಲ್ಲದೆ ಒಪ್ಪಿಸಿದಳು. ಮಗ್ಗಿಯನ್ನೂ ಹಾಗೆಯೇ ಒಪ್ಪಿಸುತ್ತಿದ್ದಳು.

ಜೀಪು ಬುಧವಾರ ಬಂತು. ಗೌಡ ಬೇವಿನ ನೆರಳಿಗೆ ಕುರ್ಚಿ ಹಾಕಿಸಿ, ಎಳನೀರು ಕೆತ್ತಿಸಿ ಕೊಟ್ಟ. ಜೀಪಿನಿಂದಿಳಿದ ಸಾಹೇಬ ಕುಡಿಯುತ್ತಲೇ ಹುಲಿಗೆಮ್ಮನನ್ನು ಕರೆದ. ಪಕ್ಕೀರವ್ವ ನಾಲ್ಕು ಸಾಲು ಆಚೆ ನಿಂತಿದ್ದಳು. ಎಲ್ಲಿ ಮಗಳು ತಪ್ಪುತ್ತಾಳೋ ಎಂಬ ಹೆದರಿಕೆ.

ಹುಲಿಗೆಮ್ಮ ತಪ್ಪಲಿಲ್ಲ. ಬುತ್ತಿ ಹೇಳಿದಳು, ಆಟ ಹೇಳಿದಳು, ಇವತ್ತೊಂದಿನದ ಹೊಟ್ಟೆನೋವು ಹೇಳಿದಳು. ಕೊನೆಗೆ ನಗುತ್ತ ತನ್ನದೂ ಒಂದು ಸೇರಿಸಿದಳು: “ದಿನಾ ಸಾಲಿಗೆ ಹೋಗ್ತೀನ್ರಿ. ದೊಡ್ಡಾಕಿ ಆಗಿ ನಾನೂ ಟೀಚರ್ ಆಗ್ತೀನ್ರಿ.”

“ಜಾಣಿ ಅದಾಳ ಗೌಡ್ರ,” ಎಂದು ಸಾಹೇಬ ನಕ್ಕು ಕಾಗದ ಮಡಚಿದ.

ಆ ಕೊನೆಯ ಮಾತನ್ನು ಪಕ್ಕೀರವ್ವ ಕಲಿಸಿರಲಿಲ್ಲ. ಇವಳು ಏನು ಕಲಿಸಿದರೂ ಕಲಿಯುತ್ತಾಳೆ. ನಾನು ಕಲಿಸಿದ್ದು ಏನು?

ಯಾವಾಗ ಸಾಲು ದಾಟಿದಳೋ ಅವಳಿಗೇ ತಿಳಿಯಲಿಲ್ಲ. ಮಗಳ ಕೈ ಹಿಡಿದು ಸಾಹೇಬನ ಮುಖದ ಮುಂದೆ ಎತ್ತಿದಳು. “ಸುಳ್ಳರಿ. ಎಲ್ಲಾ ಸುಳ್ಳು. ಈ ಹೆಬ್ಬಟ್ಟು ನೋಡ್ರಿ, ಹೂ ಸುಲಿದು ಸುಲಿದು ಹೆಂಗಾಗೈತಿ. ಎಲ್ಡು ತಿಂಗಳಾತು ಸಾಲಿ ಮುಖ ನೋಡಿಲ್ಲ.”

“ಏ ರಂಡೆ, ಬಾಯಿ ಮುಚ್ಚು!” ಗೌಡ ಎದ್ದೇಬಿಟ್ಟ. “ತಲಿ ಕೆಟ್ಟೈತ್ರಿ ಸಾಹೇಬ್ರ ಇದಕ್ಕ.”

ಹುಲಿಗೆಮ್ಮನ ಮುಖ ಕೆಂಪಾಯಿತು. ಪಾಠ ಸರಿಯಾಗಿ ಒಪ್ಪಿಸಿಯೂ ಹೊಡೆಸಿಕೊಂಡವಳಂತೆ ಅತ್ತೇಬಿಟ್ಟಳು. “ಯವ್ವಾ, ನೀನ ಕಲಿಸಿದ್ಯೆಲ್ಲ!”

“ಹೌದವ್ವಾ.” ಪಕ್ಕೀರವ್ವ ಸಾಹೇಬನ ಕಡೆ ತಿರುಗಿದಳು. “ಹೌದ್ರಿ ಸಾಹೇಬ್ರ, ಸುಳ್ಳು ನಾನ ಕಲಿಸೀನಿ. ಹೂ ಸುಲಿಯೋದೂ ನಾನ ಕಲಿಸೀನಿ. ನನ್ನ ಹೆಸರೂ ಬರಕೋರಿ. ಮೊದ್ಲು ಗೌಡಂದು ಬರೀರಿ, ಅದರ ಕೆಳಗ ನಂದು.”

ಹೆಂಗಸರ ಕೈಗಳು ಮೊಗ್ಗಿನ ಮೇಲೆಯೇ ನಿಂತವು. ಸಾಹೇಬ ಪೆನ್ನಿನ ಮುಚ್ಚಳ ತೆಗೆದು ಗೌಡನ ಮುಖ ನೋಡಿದ. ಗೌಡ ಎಳನೀರಿನವನಿಗೆ ಇನ್ನೊಂದು ಕೆತ್ತು ಎಂದು ಸನ್ನೆ ಮಾಡಿದ. ಹುಲಿಗೆಮ್ಮ ಅಳುತ್ತ ತನ್ನ ಕೈ ಬಿಡಿಸಿಕೊಳ್ಳಲು ಜಗ್ಗುತ್ತಿದ್ದಳು. ಪಕ್ಕೀರವ್ವ ಬಿಡಲಿಲ್ಲ.