ಬಾಯಿಗೆ ಬಾರದ ಹೆಸರು

“ನನ್ನ ಗಂಡ…” ಎಂದು ಶುರು ಮಾಡಿದ ಅಲೀಮಮ್ಮ ಅಲ್ಲಿಗೇ ನಿಂತಳು. ಕ್ಯಾಮೆರಾದ ಕೆಂಪು ದೀಪ ಮಾತ್ರ ಉರಿಯುತ್ತಲೇ ಇತ್ತು. ಕದ್ರಿಯ ಆ ಹೋಟೆಲು ಕೋಣೆಯಲ್ಲಿ ಎ.ಸಿ. ಜೋರಾಗಿದ್ದರೂ ಅವಳ ಕುತ್ತಿಗೆ ಬೆವರುತ್ತಿತ್ತು.

“ಉಮ್ಮಾ, ಹೆಸರು ಹೇಳಿ,” ಎಂದಳು ಪಕ್ಕದಲ್ಲಿ ಕುಳಿತಿದ್ದ ಮಗಳು ಝಹ್ರಾ.

“ನೀನೇ ಹೇಳು ಮಾರಾಯ್ತಿ. ನಿನ್ನ ಬಾಪ ಅಲ್ವಾ?”

ಎದುರಿಗಿದ್ದ ಬಿಳಿಯ ಹೆಂಗಸು ಯುರೋಪಿನ ಯಾವುದೋ ದೇಶದ ರಾಯಭಾರ ಕಚೇರಿಯವಳು, ದೆಹಲಿಯಿಂದ ಬಂದಿದ್ದಳು. ಗಲ್ಫಿನ ಒಂದು ದೇಶ ಕೆಲಸಗಾರರನ್ನು ವಿಚಾರಣೆಯಿಲ್ಲದೆ ಜೈಲಿನಲ್ಲಿಟ್ಟಿದೆಯೆಂದು ಜಿನೀವಾದ ಸಭೆಯಲ್ಲಿ ಹಲವು ದೇಶಗಳು ದನಿಯೆತ್ತುವುದಿತ್ತು. ಅದಕ್ಕೆ ಮನೆಯವರ ಮಾತು ಬೇಕಿತ್ತು. ಅಲೀಮಮ್ಮನ ಗಂಡ ಉಮರಬ್ಬ ಅಲ್ಲಿ ಕಂಪೆನಿಯ ಬಸ್ಸು ಓಡಿಸುತ್ತಿದ್ದವನು. ಮಧ್ಯಾಹ್ನದ ಬಿಸಿಲಿಗೆ ಬಿದ್ದು ಸತ್ತ ಜೊತೆಗಾರನ ವಿಡಿಯೊ ತೆಗೆದು ಹೊರಗೆ ಕಳುಹಿಸಿದ, ಅಷ್ಟೇ ಅವನ ತಪ್ಪು. ಎಂಟು ತಿಂಗಳಿಂದ ಅವನ ದನಿಯನ್ನು ಮನೆಯಲ್ಲಿ ಯಾರೂ ಕೇಳಿರಲಿಲ್ಲ.

ಬಿಳಿಯ ಹೆಂಗಸು ಇಂಗ್ಲಿಷಿನಲ್ಲಿ ಏನೋ ಹೇಳಿದಳು.

“ಹೆಂಡತಿಯ ಬಾಯಿಂದಲೇ ಬರಬೇಕಂತೆ,” ಎಂದಳು ಝಹ್ರಾ. “ಕಳೆದ ಸಲ ಬೇರೆಯವರು ಹೇಳಿದ್ದಕ್ಕೆ, ಅಂಥ ಜನವೇ ನಮ್ಮಲ್ಲಿ ಇಲ್ಲ ಅಂತ ಅಲ್ಲಿಯವರು ಕೈ ತೊಳ್ಕೊಂಡ್ರಂತೆ.”

ಮದುವೆಯಾದ ಮೇಲೆ ಅಲೀಮಮ್ಮ ಒಮ್ಮೆಯೂ ಗಂಡನ ಹೆಸರು ಹೇಳಿದವಳಲ್ಲ. ರೇಶನ್ ಅಂಗಡಿಯಲ್ಲಿ ಕೇಳಿದರೆ ಮಗಳ ಭುಜ ತಿವಿಯುತ್ತಿದ್ದಳು. ಮಗಳಿಲ್ಲದಿದ್ದರೆ ಪಕ್ಕದವರ ಮುಖ ನೋಡುತ್ತಿದ್ದಳು. ಹೆಸರು ಹಿಡಿದರೆ ಗಂಡನ ಆಯುಸ್ಸು ಕಡಿಮೆಯಾಗುತ್ತದೆ ಎಂದು ಅವಳ ತಾಯಿ ಹೇಳಿಕೊಟ್ಟದ್ದು. ಓದಿದ ಝಹ್ರಾ ಇದಕ್ಕೆ ನಗುತ್ತಿದ್ದಳು. ನಗುವವರಿಗೇನು, ಆಯುಸ್ಸು ಹೋಗುವುದು ಅವರ ಗಂಡನದ್ದಲ್ಲವಲ್ಲ! ಹೇಳಿದರೆ ಗಂಡನ ಜೀವಕ್ಕೆ ಕುತ್ತು, ಹೇಳದಿದ್ದರೆ ಅವರು ಅಲ್ಲೇ ಕೊಳೆಯಬೇಕು. ಇಂಥ ಇಕ್ಕಟ್ಟಿಗೆ ತನ್ನನ್ನು ತಂದು ಕೂರಿಸಿದ ಎಲ್ಲರ ಮೇಲೂ ಅಲೀಮಮ್ಮನಿಗೆ ಕೆಟ್ಟ ಸಿಟ್ಟು ಬಂತು.

“ಅಲ್ಲಿ ಯಾರೂ ಅವರನ್ನು ಹೆಸರು ಹಿಡಿದು ಕರೆಯುವುದಿಲ್ಲ ಉಮ್ಮಾ,” ಝಹ್ರಾ ಮೆಲ್ಲಗೆ ಹೇಳಿದಳು. “ನಂಬ್ರ ಅಂತೆ.”

“ನಂಬ್ರವಾ? ಅವರು ಎಂತ, ಬಸ್ಸಾ?”

ಅಲೀಮಮ್ಮ ತಲೆಯ ಶಾಲು ಸರಿಮಾಡಿಕೊಂಡು ನೇರ ಕ್ಯಾಮೆರಾವನ್ನೇ ನೋಡಿದಳು.

“ಉಮರಬ್ಬ. ನನ್ನ ಗಂಡನ ಹೆಸರು ಉಮರಬ್ಬ. ಸುರತ್ಕಲ್‌ನವರು. ಅವರು ಉಂಟು. ಇಲ್ಲ ಅಂತ ಯಾರೂ ಹೇಳುವುದು ಬೇಡ.”

ಹೇಳಿಯಾದ ಮೇಲೆ ಕೈ ತಾನಾಗಿ ಬಾಯಿಗೆ ಹೋಯಿತು. ಆ ರಾತ್ರಿ ನಮಾಜಿನಲ್ಲಿ ತುಂಬ ಹೊತ್ತು ಕುಳಿತಳು.

ಜಿನೀವಾದಲ್ಲಿ ಹಲವು ದೇಶಗಳು ‘ತೀವ್ರ ಕಳವಳ’ ವ್ಯಕ್ತಪಡಿಸಿದ ಸುದ್ದಿ ಟಿ.ವಿ.ಯಲ್ಲಿ ಕ್ರಿಕೆಟ್ಟಿಗೆ ಮೊದಲು ಬಂದುಹೋಯಿತು. ಅದು ನಮ್ಮ ಒಳಗಿನ ವಿಷಯ ಎಂದು ಆ ದೇಶ ಉತ್ತರ ಕೊಟ್ಟಿತು.

“ಕಳವಳಕ್ಕೆಲ್ಲ ಜೈಲಿನ ಬೀಗ ತೆರೀತದಾ?” ಎಂದ ಪಕ್ಕದ ಮನೆಯ ಮೊಯ್ದೀನಬ್ಬ. ಅಲೀಮಮ್ಮನಿಗೂ ಹಾಗೇ ಅನಿಸಿತ್ತು.

ಒಂದು ಶುಕ್ರವಾರ ಅವಳು ಮೀನು ಶುಚಿ ಮಾಡುತ್ತಿದ್ದಾಗ ಝಹ್ರಾ ಓಡಿಬಂದು ಫೋನನ್ನು ಅವಳ ಕಿವಿಗೇ ಒತ್ತಿದಳು. ಅತ್ತ, ಜೈಲಿನಿಂದ, ಉಮರಬ್ಬ. ದನಿ ಸೊರಗಿತ್ತು, ಆದರೆ ಅವನದ್ದೇ.

“ಬರುವ ತಿಂಗಳು ಕೋರ್ಟಿಗೆ ಕರ್ಕೊಂಡು ಹೋಗ್ತಾರಂತೆ. ಎಂತ ಆಗ್ತದೋ ಗೊತ್ತಿಲ್ಲ,” ಎಂದವನು ತುಸು ತಡೆದ. “ಎಂಬೆಸಿಯವರು ಮೊಬೈಲಲ್ಲಿ ತೋರಿಸಿದ್ರು. ನೀನು ನನ್ನ ಹೆಸರು ಹೇಳಿದ್ದೀಯಲ್ಲ!”

“ಝಹ್ರಾ ಹೇಳಿಸಿದ್ದು.”

“ಇರಲಿ. ಈಗ ನನಗೆ ಒಮ್ಮೆ ಹೇಳು.”

ಊರಿಗೆಲ್ಲ ಕೇಳುವಂತೆ ಹೇಳಿದವಳಿಗೆ ಈಗ ಅದೇ ಹೆಸರು ಬಾಯಿಗೆ ಬರಲಿಲ್ಲ. ಒಮ್ಮೆ ಬಾಯಿ ತೆರೆದಳು, ಮುಚ್ಚಿದಳು.

“ಊಟ ಆಯ್ತಾ?” ಎಂದಳು.

ಉಮರಬ್ಬ ಜೋರಾಗಿ ನಕ್ಕ. ನಕ್ಕು ನಕ್ಕು ಕೆಮ್ಮಿದ. “ಆಯ್ತು. ನಿಂದು?”

ಅಲೀಮಮ್ಮ ಮೀನಿನ ಕೈಯನ್ನು ದೂರ ಹಿಡಿದುಕೊಂಡು ಗೋಡೆಯ ಕಡೆ ತಿರುಗಿ, ಅವನಿಗೆ ಕಾಣುತ್ತದೋ ಎಂಬ ಹಾಗೆ, ಹೌದೆಂದು ತಲೆಯಾಡಿಸಿದಳು.