ಶನಿಯಾರನ ಮೊದಲ ಹಿಮ

ಕಡಲತಡಿಯ ತೆಂಗಿನಗುಂಡಿಯಲ್ಲಿ ಚಳಿಗಾಲವೆಂದರೆ ಬೆಳಗಿನ ಜಾವ ಹೊದಿಕೆಯನ್ನು ಕಾಲಿನಿಂದ ಒದೆಯದೆ ಮಲಗುವುದು, ಅಷ್ಟೇ. ಸೈನ್ಯದಿಂದ ನಿವೃತ್ತನಾಗಿ ಬಂದ ಶನಿಯಾರನಿಗೆ ಅದು ಸಾಲುತ್ತಿರಲಿಲ್ಲ. ಡಿಸೆಂಬರ್ ಬಂತೆಂದರೆ ಮಿಲಿಟರಿ ಸ್ವೆಟರ್ ಏರಿಸಿ, ಬೆವರು ಒರೆಸಿಕೊಳ್ಳುತ್ತ, ತಾನು ಕಾವಲಿದ್ದ ಕಾಶ್ಮೀರದ ಸುದ್ದಿಗೆಂದು ರೇಡಿಯೋ ಮುಂದೆ ಕೂರುತ್ತಿದ್ದ. ಇವನ ಅಪ್ಪಣೆಯಿಲ್ಲದೆ ಅಲ್ಲಿ ವರ್ಷದ ಮೊದಲ ಹಿಮ ಬೀಳುವಂತೆಯೇ ಇರಲಿಲ್ಲ.

"ಸೊಂಟದಮಟ ಹಿಮ. ಅದರಲ್ಲಿ ನಿಂತು ಕಾವಲು ಕಾದವ ನಾನು" ಎಂದು ಬಲೆ ಹೆಣೆಯುವವರಿಗೆ ಹೇಳುತ್ತಿದ್ದ. ಅವರೂ ಪಾಪ, ಪ್ರತಿ ವರ್ಷ ತಪ್ಪದೆ ಬೆರಗಾಗುತ್ತಿದ್ದರು. ಮೊದಲ ವರ್ಷದ ಕತೆಯಲ್ಲಿ ಮೊಣಕಾಲಿನವರೆಗಿದ್ದ ಹಿಮ ಸೊಂಟಕ್ಕೆ ಏರಿದ್ದು ಹೇಗೆಂದು ಯಾರೂ ಕೇಳಲಿಲ್ಲ. ಹೆಂಡತಿ ದುರ್ಗಿ ಮಾತ್ರ, "ಕುತ್ತಿಗೆಗೆ ಬಂದಾಗ ಹೇಳಿ, ದೋಣಿ ತರ್ತೆ" ಎಂದು ಮೀನಿನ ಬುಟ್ಟಿ ಹೊತ್ತು ಭಟ್ಕಳದ ದಾರಿ ಹಿಡಿಯುತ್ತಿದ್ದಳು.

ಎಂಬತ್ತೆರಡರ ಡಿಸೆಂಬರಿನಲ್ಲಿ ಶನಿಯಾರನ ಹಳೆಯ ಪಲ್ಟನ್ನಿನ ಗೆಳೆಯ ಠಾಕೂರ ಹಿಮಾಚಲದಿಂದ ಬಂದಿಳಿದ. ಹುಟ್ಟಿದಾಗಿನಿಂದ ಹಿಮ ನೋಡಿದ ಮನುಷ್ಯ. ಸಮುದ್ರ ನೋಡಿದ್ದು ಅದೇ ಮೊದಲು. ಮಧ್ಯಾಹ್ನ ಊಟಕ್ಕೆ ಕೂತಾಗ ಅವನು ಹಿಂದಿಯಲ್ಲಿ ಏನೋ ಹೇಳಿ ಹೊಟ್ಟೆ ಹಿಡಿದುಕೊಂಡು ನಕ್ಕ.

"ಎಂತ ಅಂದ್ರು?" ದುರ್ಗಿ ಕೇಳಿದಳು.

ಶನಿಯಾರ ಗಂಟಲು ಸರಿಮಾಡಿಕೊಂಡ. "ಹಿಮದಲ್ಲಿ ನನ್ನಷ್ಟು ಗಟ್ಟಿ ಆಳು ಇಡೀ ಪಲ್ಟನ್ನಿನಲ್ಲಿ ಇರ್ಲಿಲ್ಲಂತೆ."

ದುರ್ಗಿ ಭಟ್ಕಳದ ನವಾಯತ ಮುಸ್ಲಿಮರ ಮನೆಗಳಲ್ಲಿ ವರ್ಷಗಟ್ಟಲೆ ಉರ್ದುವಿನಲ್ಲೇ ಚೌಕಾಸಿ ಮಾಡಿ ಮೀನು ಮಾರಿದವಳು. ಅವಳಿಗೆ ಹಿಂದಿಯೂ ತಿಳಿಯುತ್ತದೋ ಎಂದು ವಿಚಾರಿಸಲು ದೇಶ ಕಾಯುವ ಭರದಲ್ಲಿ ಗಂಡನಿಗೆ ಪುರಸೊತ್ತಾಗಿರಲಿಲ್ಲ.

"ಅವರು ಹಾಗೆ ಹೇಳ್ಲಿಲ್ಲ" ಎಂದಳು ಸಾರು ಬಡಿಸುತ್ತ. "ಮೊದಲ ಹಿಮ ಬಿದ್ದ ದಿನ ನೀವು ಒಲೆ ಬುಡದಲ್ಲಿ ಕೂತು, ನಮ್ಮೂರ ಸಮುದ್ರ ಅಂತ ಅಳ್ತಿದ್ರಂತೆ. ಪ್ರತಿ ವರ್ಷ. ಅಷ್ಟು ಅಳಿಸುವ ಸಮುದ್ರ ಎಂತದು ನೋಡ್ವ ಅಂತ ಬಂದದ್ದಂತೆ."

ಕನ್ನಡ ಬಾರದ ಠಾಕೂರ ಜೋರಾಗಿ ತಲೆಯಾಡಿಸಿದ.

ಶನಿಯಾರ ಅನ್ನ ಕಲೆಸುತ್ತಲೇ ಇದ್ದ. ಕಲೆಸುವಂಥದ್ದೇನೂ ಎಲೆಯಲ್ಲಿ ಉಳಿದಿರಲಿಲ್ಲ.

"ಅಷ್ಟು ಬೇಜಾರಿದ್ರೆ ಒಂದು ಕಾಗದ ಹಾಕೂಕಾಗ್ತಿರ್ಲಿಲ್ವ?" ದುರ್ಗಿಯ ದನಿ ಸ್ವಲ್ಪ ಇಳಿದಿತ್ತು.

"ಹಾಕಿದ್ರೆ ನೀ ಯಾರ ಹತ್ರ ಓದಿಸ್ತಿದ್ದೆ? ಅಂಗಡಿ ಅಣ್ಣಪ್ಪನ ಹತ್ರ. ಇಡೀ ಕೇರಿಗೆ ಗೊತ್ತಾಗ್ತಿತ್ತು."

ದುರ್ಗಿ ತನಗೆಂದು ತೆಗೆದಿಟ್ಟಿದ್ದ ಬಂಗಡೆ ಮೀನನ್ನು ತಂದು ಅವನ ಎಲೆಗೆ ಹಾಕಿದಳು. ಅವನು ಅದನ್ನು ಮುಳ್ಳಷ್ಟೇ ಉಳಿಯುವಂತೆ ತಿಂದ.

ಮರುದಿನ ಬೆಳಿಗ್ಗೆ ಗೆಳೆಯರಿಬ್ಬರೂ ದೋಣಿ ಹತ್ತಿ ಸಮುದ್ರಕ್ಕೆ ಹೋದರು. ಅವರು ದಡಕ್ಕೆ ಬರುವಷ್ಟರಲ್ಲಿ ದುರ್ಗಿಯ ದಯದಿಂದ, ಕಾಗದದ ಖರ್ಚಿಲ್ಲದೆಯೇ ಇಡೀ ಕೇರಿಗೆ ವಿಷಯ ಗೊತ್ತಾಗಿತ್ತು.